ಒಂಬತ್ತನೆಯ ವಾರದ ಪಾಠ

ತಿರುವನಂತಪುರದ ಪಟ್ಟಂ ಎಂಬ ಬಡಾವಣೆಯಲ್ಲಿದ್ದ ನಮ್ಮ ಕಚೇರಿಗೆ ಇಂಟರ್ನೆಟ್ ಬಂದಿತ್ತು. ಬಂದಿತ್ತು ಅಂದರೆ, ಸೂಪರಿಂಟೆಂಡೆಂಟರ ಕೋಣೆಯ ಮೂಲೆಯಲ್ಲಿ ಹೂವಿನ ಚಿತ್ರದ ಬಟ್ಟೆ ಹೊದ್ದು ಕೂತಿದ್ದ ಒಂದೇ ಒಂದು ಕಂಪ್ಯೂಟರಿಗೆ ಬಂದಿತ್ತು. ಬೆಳಿಗ್ಗೆ ಅವರು ಬಟ್ಟೆ ತೆಗೆಯುವರು, ಪರದೆ ಒರೆಸುವರು, ಇಲಾಖೆಯಿಂದ ಮೇಲ್ ಬಂದಿದೆಯೇ ಎಂದು ನೋಡುವರು, ಮತ್ತೆ ಹೊದಿಸುವರು. ಅದರಲ್ಲಿ ಏನಾದರೂ ಕಲಿಯಬಹುದಲ್ಲ ಸರ್ ಎಂದು ನಾನು ಕೇಳಿದ ದಿನ ಅವರು ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಗಂಡನಿಗೆ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿ ನಾವು ಮೈಸೂರಿನಿಂದ ತಿರುವನಂತಪುರಕ್ಕೆ ಬಂದಿದ್ದೆವು. ಹಳೆಯ ಓಲೆಗರಿಗಳನ್ನು ಕೂಡಿಟ್ಟಿದ್ದ ಒಂದು ಸಣ್ಣ ಸಂಗ್ರಹದಲ್ಲಿ ನನಗೆ ಗುತ್ತಿಗೆಯ ಕೆಲಸ ಸಿಕ್ಕಿತು. ಅಲ್ಲಿ ಕನ್ನಡ ಲಿಪಿಯ ಕಟ್ಟುಗಳು ನಾಲ್ಕಾರು ಇದ್ದವು, ಓದಬಲ್ಲವರು ಯಾರೂ ಇರಲಿಲ್ಲ. ಆ ಕಾರಣಕ್ಕೇ ನನ್ನನ್ನು ತೆಗೆದುಕೊಂಡಿದ್ದು.

ಆ ನಾಲ್ಕಾರರಲ್ಲಿ ಒಂದು ಕಟ್ಟು ಇಟ್ಟಿಗೆಯಾಗಿತ್ತು. ಯಾವುದೋ ಮಳೆಗಾಲದಲ್ಲಿ ಮಾಡು ಸೋರಿ, ನೆನೆದು, ಒಣಗಿ, ಗರಿಗೆ ಗರಿ ಅಂಟಿ ಕೂತಿತ್ತು. ಮೇಲಿನ ಒಂದು ಗರಿ ಮಾತ್ರ ಓದಲು ಸಿಗುತ್ತಿತ್ತು. ದನಕರುಗಳ ಔಷಧದ ಪುಸ್ತಕ ಅದು. ಕರುವಿನ ಹೊಟ್ಟೆಯುಬ್ಬರಕ್ಕೆ ಓಮ, ಇಂಗು, ಬೆಳ್ಳುಳ್ಳಿ ಸಮತೂಕ ತೆಗೆದುಕೊಂಡು ಅರೆದು, ಎನ್ನುವಲ್ಲಿಗೆ ಗರಿ ಮುಗಿದಿತ್ತು. ಅರೆದು ಏನು ಮಾಡಬೇಕು? ಕುಡಿಸಬೇಕೋ, ಹಚ್ಚಬೇಕೋ, ಎಷ್ಟು ಸಲ? ಅದೆಲ್ಲ ಎರಡನೆಯ ಗರಿಯಲ್ಲಿತ್ತು. ಈ ಪುಸ್ತಕದ ಇನ್ನೊಂದು ಪ್ರತಿ ಎಲ್ಲೂ ಇದ್ದಂತಿರಲಿಲ್ಲ. ಕಟ್ಟು ಇನ್ನೊಂದು ಮಳೆಗಾಲ ಕಂಡರೆ ಬೂಷ್ಟು ಹಿಡಿದು ಹೋಗುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಜೂನಿನ ಮೊದಲು ಆ ಎರಡನೆಯ ಗರಿಯನ್ನು ಬಿಡಿಸಿ ಓದಬೇಕು ಎನ್ನುವುದೊಂದು ಹಟ ನನ್ನ ತಲೆಗೆ ಹೊಕ್ಕಿತು.

ನನ್ನಿಂದ ಮೂರು ಮೇಜು ಆಚೆ ಕೂರುತ್ತಿದ್ದ ಮೆಂಡರ್ ಒಬ್ಬರಿದ್ದರು. ಹರಿದ ಕಾಗದ, ಮುರಿದ ಗರಿ ಸರಿಪಡಿಸುವ ಹುದ್ದೆಗೆ ಆ ಹೆಸರು. ಎಲ್ಲರೂ ಅವರನ್ನು ಆಶಾನ್ ಎನ್ನುತ್ತಿದ್ದರು. ಮಲಯಾಳದಲ್ಲಿ ಅದು ಗುರುವಿಗೂ ಸಲ್ಲುತ್ತದೆ, ಮೇಸ್ತ್ರಿಗೂ ಸಲ್ಲುತ್ತದೆ. ಮಾರ್ಚ್ ಕೊನೆಗೆ ನಿವೃತ್ತಿಯಾಗುವವರು. ನಿಂಬೆಹುಲ್ಲಿನ ಎಣ್ಣೆಯ ಬಾಟಲಿ, ಒಂದಿಷ್ಟು ಬಿದಿರಿನ ಕಡ್ಡಿ, ಹಳೆಯ ಮುಂಡುಪಂಚೆಯ ಚೂರುಗಳು, ಇಷ್ಟೇ ಅವರ ಸಾಮಾನು. ನಾನು ಬಂದ ಹೊಸತರಲ್ಲೇ ಕಟ್ಟನ್ನು ಕೈಯಲ್ಲಿ ಎತ್ತಿ ನೋಡಿ ಅವರು ಹೇಳಿದ್ದರು. ಅವರ ಮಲಯಾಳವನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮಗಳೇ ಎನ್ನುವ ಅವರ ಮೋಳೇ ಒಂದನ್ನು ಬಿಟ್ಟು.

“ಇದನ್ನ ಬಿಡಿಸಬಹುದು ಮೋಳೇ. ಎರಡು ತಿಂಗಳಾಗುತ್ತೆ. ಎಣ್ಣೆ ನಿಧಾನವಾಗಿ ಒಳಗೆ ಹೋಗಬೇಕು.”

ನನಗೋ, ಎಣ್ಣೆ ಅಂದ ಕೂಡಲೇ ಅನುಮಾನ. ಏಕೆಂದರೆ ಅಷ್ಟರಲ್ಲಿ ಕೊಚ್ಚಿಯಿಂದ ಫೋನ್ ಬಂದಿತ್ತು. ಅಲ್ಲಿನ ಒಂದು ಖಾಸಗಿ ಮ್ಯೂಸಿಯಂನಲ್ಲಿ ಧಾರವಾಡದ ಕಡೆಯ ಗೆಳತಿ ಕೆಲಸಕ್ಕಿದ್ದಳು. ಮ್ಯೂಸಿಯಂ, ಗ್ರಂಥಾಲಯಗಳಲ್ಲಿ ದುಡಿಯುವವರಿಗೆಂದೇ ವಿದೇಶದ ಸಂಸ್ಥೆಯೊಂದು ಹನ್ನೆರಡು ವಾರದ ಪಾಠವನ್ನು ಇಂಟರ್ನೆಟ್ಟಿನಲ್ಲಿ ನಡೆಸುತ್ತದೆ, ಜೊತೆಗೆ ನಾನಾ ದೇಶದವರು ಬರೆದುಕೊಳ್ಳುವ ಒಂದು ಗುಂಪೂ ಇದೆ ಎಂದು ಅವಳಿಂದ ತಿಳಿಯಿತು. “ಒಂಬತ್ತನೇ ವಾರ ಓಲೆಗರಿ ಪಾಠ ಐತಿ ನೋಡವಾ. ನಿನಗ ಬೇಕಾದ್ದ ಅದ,” ಎಂದಳು. ನನಗೆ ಅಂದಿನಿಂದ ಒಂಬತ್ತನೆಯ ವಾರದ್ದೇ ಧ್ಯಾನ.

ಸೇರಿಕೊಳ್ಳಲು ಕಚೇರಿಯ ಒಪ್ಪಿಗೆ ಪತ್ರ ಬೇಕಿತ್ತು. ಕೇಳಿದೆ, ಫೈಲು ಹುಟ್ಟಿತು. ತರಬೇತಿಯ ಫಾರಂನಲ್ಲಿ ಸ್ಥಳ ಎಂಬ ಕಾಲಂ ಇತ್ತು. ಆನ್‌ಲೈನ್ ಎಂದು ಬರೆದೆ. ‘ಯಾವ ಜಿಲ್ಲೆ?’ ಎಂಬ ಪ್ರಶ್ನೆ ಹೊತ್ತು ಫೈಲು ವಾಪಸ್ ಬಂತು. ಯಾವ ಜಿಲ್ಲೆಯೂ ಅಲ್ಲ, ಕೂತಲ್ಲೇ ಕಲಿಯುವುದು ಎಂದು ವಿವರಿಸಿದೆ. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಶಾಂತವಾಗಿ ಕೇಳಿದರು, “ಎಲ್ಲಿಗೂ ಹೋಗದಿದ್ದರೆ ಅದು ತರಬೇತಿ ಹೇಗಾಗುತ್ತದೆ?” ಕೊನೆಗೆ ತಿರುವನಂತಪುರ ಎಂದೇ ಬರೆದು ಕೊಟ್ಟೆ. ಒಪ್ಪಿಗೆ ಸಿಗುವ ಹೊತ್ತಿಗೆ ಎರಡು ವಾರದ ಪಾಠ ಮುಗಿದೇ ಹೋಗಿತ್ತು. ಕಚೇರಿ ಕಂಪ್ಯೂಟರನ್ನು ಮುಟ್ಟಕೂಡದು ಎಂಬ ಷರತ್ತು ಬೇರೆ.

ಗಂಡನ ಆಫೀಸಿನಲ್ಲಿ ಬೇಕಾದಷ್ಟು ಇಂಟರ್ನೆಟ್ ಇತ್ತಲ್ಲ. “ರೀ, ಪಾಠದ ಫೈಲುಗಳನ್ನಾದರೂ ಇಳಿಸ್ಕೊಂಡು ಬನ್ನಿ,” ಎಂದೆ.

“ಪೆನ್‌ಡ್ರೈವ್ ಗೇಟಲ್ಲೇ ಇಸ್ಕೋತಾರೆ ಕಣೇ. ಅರ್ಧ ಸೈಟು ಓಪನ್ನೇ ಆಗಲ್ಲ. ನೀನು ಓಲೆಗರಿ ಓದೋಳು, ನಾನು ಕೋಡ್ ಬರೆಯೋನು, ಇಂಟರ್ನೆಟ್ ಮಾತ್ರ ಇಬ್ಬರಿಗೂ ಇಲ್ಲ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹಾಗಾಗಿ ಕಚೇರಿ ಬಿಟ್ಟ ಮೇಲೆ ಹಿಂದಿನ ಗಲ್ಲಿಯ ಬ್ರೌಸಿಂಗ್ ಸೆಂಟರೇ ಗತಿಯಾಯಿತು. ಪ್ಲೈವುಡ್ಡಿನ ಗೂಡುಗಳು. ಪಕ್ಕದ ಗೂಡಿನಲ್ಲಿ ಒಬ್ಬ ತಾಯಿ ದುಬೈನಲ್ಲಿದ್ದ ಮಗನಿಗೆ ಊಟ ಆಯಿತಾ ಎಂದು ಕೂಗಿ ಕೇಳುವರು, ಇತ್ತ ನಾನು ಯುರೋಪಿನ ಚರ್ಮದ ಹಾಳೆಗಳ ಪಾಠ ಓದುವೆ. ವಾರಕ್ಕೊಮ್ಮೆ ಸಂಜೆ ಏಳೂವರೆಗೆ ಎಲ್ಲರೂ ಒಟ್ಟಿಗೆ ಸೇರಿ ಟೈಪ್ ಮಾಡುತ್ತ ಮಾತಾಡುವ ಅರ್ಧ ಗಂಟೆಯ ತರಗತಿ. ಅದೇ ಏಳೂವರೆಗೆ ನಮ್ಮ ಭಾಗದ ಲೋಡ್‌ಶೆಡಿಂಗ್. ಯುಪಿಎಸ್ ಐದು ನಿಮಿಷ ಕೂಗಿಕೊಂಡು ಸಾಯುವುದು. ಎಂಟಕ್ಕೆ ಕರೆಂಟು ಬಂದು, ಯಂತ್ರ ಎದ್ದು ಕೂರುವಷ್ಟರಲ್ಲಿ ಅವರೆಲ್ಲ ಬೈ ಹೇಳಿ ಹೋಗಿರುವರು. ‘ನೀವು ಬಹಳ ಮೌನವಾಗಿರುತ್ತೀರಿ, ಸಂಕೋಚ ಬೇಡ’ ಎಂದು ಪಾಠ ಮಾಡುವಾಕೆ ನನಗೆ ಬರೆದರು. ಸಂಕೋಚವಂತೆ. ಆ ಕತ್ತಲಲ್ಲಿ ಕೂತು ನಾನು ಬೈದುಕೊಂಡದ್ದನ್ನು ಆಕೆ ಕೇಳಬೇಕಿತ್ತು.

ಆ ಗುಂಪಿನಲ್ಲಿ ಬರೆಯುವುದಕ್ಕೆ ಮಾತ್ರ ಹೊತ್ತುಗೊತ್ತಿನ ಕಟ್ಟಿರಲಿಲ್ಲ. ಅಲ್ಲಿ ನಾನು ನನ್ನ ಕಟ್ಟಿನ ಸುದ್ದಿ ಬರೆದೆ. ಹಾಗೇ, ಅಂದಿನ ಸಿಟ್ಟಿನಲ್ಲಿ, ಇಂಗ್ಲಿಷಿನಲ್ಲಿ ಇನ್ನಷ್ಟು ಬರೆದೆ. ‘ಇಲ್ಲಿರುವುದು ತರಬೇತಿಯಿಲ್ಲದ ಸಿಬ್ಬಂದಿ. ಹಳೆಯ ಮೆಂಡರ್ ಒಬ್ಬರು ಕಂಡದ್ದಕ್ಕೆಲ್ಲ ಎಣ್ಣೆ ಸವರುತ್ತಾರೆ. ಈ ಕಟ್ಟನ್ನು ಅವರು ಮುಟ್ಟದಂತೆ ನಾನು ತಡೆದಿದ್ದೇನೆ.’ ಎಲ್ಲೆಲ್ಲಿಂದಲೋ ಭೇಷ್ ಎಂದು ಉತ್ತರ ಬಂತು. ಒಬ್ಬರು ನನ್ನ ಧೈರ್ಯವನ್ನು ಹೊಗಳಿದರು. ಅವರಲ್ಲಿ ಯಾರೂ ಓಲೆಗರಿಯನ್ನು ಕೈಯಲ್ಲಿ ಹಿಡಿದವರಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ನಾನು ಉಬ್ಬಿಹೋಗಿದ್ದೆ. ತಡೆದದ್ದೂ ನಿಜ. ಆಶಾನ್ ಒಂದು ದಿನ ಬಾಟಲಿ ಹಿಡಿದು ನನ್ನ ಮೇಜಿಗೆ ಬಂದಾಗ, “ಬೇಡ ಆಶಾನ್, ಒಂಬತ್ತನೇ ವಾರ ಬರಲಿ,” ಎಂದಿದ್ದೆ. ಅವರು ಕಟ್ಟನ್ನೊಮ್ಮೆ ನೋಡಿ ತಮ್ಮ ಜಾಗಕ್ಕೆ ಹೋಗಿ ಕೂತರು.

ಮಾರ್ಚಿನಲ್ಲಿ ಕೊಚ್ಚಿಯಲ್ಲಿ ಒಂದು ದಿನದ ಭೇಟಿ ಇಟ್ಟಿದ್ದರು. ಆ ಪಾಠದ ದಕ್ಷಿಣ ಭಾರತದ ಸದಸ್ಯರೆಲ್ಲ ಮುಖಾಮುಖಿ ಸೇರುವುದು, ಹಾಜರಾತಿ ಪತ್ರ ಪಡೆಯುವುದು. ಹಿಂದಿನ ದಿನವೇ ರೈಲು ಹತ್ತಿ ಗೆಳತಿಯ ಮನೆಗೆ ಹೋದೆ. ಬೆಳಿಗ್ಗೆ ಎದ್ದರೆ ಹರತಾಳ. ಬಸ್ಸಿಲ್ಲ, ಆಟೋ ಇಲ್ಲ, ದೋಣಿಯೂ ಇಲ್ಲ. ಇಬ್ಬರೂ ಬಿಸಿಲಲ್ಲಿ ಸೇತುವೆಗಳನ್ನು ದಾಟಿ ಫೋರ್ಟ್ ಕೊಚ್ಚಿಗೆ ನಡೆದೆವು. ಸಭೆ ನಡೆಯಬೇಕಿದ್ದ ಮನೆಯ ಬಾಗಿಲಿಗೆ ಕಾರ್ಯಕ್ರಮ ರದ್ದು ಎಂಬ ಚೀಟಿ ಅಂಟಿಸಿತ್ತು. ಮೆಟ್ಟಿಲ ಮೇಲೆ ಕೂತು ತಂದಿದ್ದ ಚಪಾತಿ ತಿಂದೆವು.

“ನಿಮ್ಮಲ್ಲೇ ಒಬ್ಬ ಅಜ್ಜಾರು ಅದಾರ ಅಂತೀಯಲ್ಲ, ಅವರನ್ನ ಕೇಳೀಯೇನು?” ಎಂದಳು ಗೆಳತಿ.

“ಅವರಿಗೇನು ಗೊತ್ತು, ಎಣ್ಣೆ ಹಚ್ಚೋದು ಬಿಟ್ಟರೆ,” ಎಂದೆ. ಕಾಲಿನ ಬೊಬ್ಬೆಯ ಸಿಟ್ಟನ್ನೂ ಆಶಾನ್ ಮೇಲೇ ಹಾಕಿದೆ.

ಹಾಜರಾತಿ ಪತ್ರ ಇಲ್ಲದೆ ಹೋದದ್ದು ಕಚೇರಿಯಲ್ಲಿ ದೊಡ್ಡ ರಾಮಾಯಣವಾಯಿತು. ತರಬೇತಿ ಪಡೆಯುತ್ತಿರುವುದಕ್ಕೆ ಪುರಾವೆ ಕೊಡಿ ಎಂದರು. ಗುಂಪಿನಲ್ಲಿ ನಾನು ಬರೆದದ್ದನ್ನೂ ಬಂದ ಉತ್ತರಗಳನ್ನೂ ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ, ಸರಿಯಾಗಿ ತಿರುಗಿಯೂ ನೋಡದೆ, ಫೈಲಿಗೆ ಪಿನ್ ಮಾಡಿ ಕೊಟ್ಟೆ. ಇಷ್ಟು ಪುಟ ನೋಡಿಯಾದರೂ ಬಾಯಿ ಮುಚ್ಚಲಿ ಎಂಬುದಷ್ಟೇ ಆಗ ನನಗಿದ್ದದ್ದು.

ಮಾರ್ಚ್ ಕೊನೆಗೆ ಆಶಾನ್‌ಗೆ ಶಾಲು ಹೊದಿಸಿ, ಚಹಾ, ಬಾಳೆಕಾಯಿಯ ಉಪ್ಪೇರಿ ಕೊಟ್ಟು ಕಳಿಸಿದೆವು. ಮರುವಾರವೇ ಒಂಬತ್ತನೆಯ ವಾರ ಬಂತು. ಪಾಠ ತೆರೆದೆ. ಒಂದೂವರೆ ಪುಟ. ತಾಳೆಮರದ ಒಂದು ಚಿತ್ರ. ಕೊನೆಯ ಸಾಲು ಹೀಗಿತ್ತು: ಅಂಟಿಕೊಂಡ ಗರಿಗಳ ವಿಷಯದಲ್ಲಿ ಪದ್ಧತಿಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆ, ನಿಮ್ಮ ಸ್ಥಳೀಯ ಕುಶಲಕರ್ಮಿಗಳನ್ನು ಕೇಳಿ.

ಆ ಪುಟವನ್ನು ಮೂರು ಸಲ ಓದಿದೆ. ಕಂಪ್ಯೂಟರಿಗೆ ಹೊಡೆಯಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ನನಗೇ ಹೊಡೆದುಕೊಳ್ಳಬೇಕೆನ್ನಿಸಿತು.

ಭಾನುವಾರ ಬಸ್ಸು ಹಿಡಿದು ತುಂಬ ಎಂಬ ಊರಿಗೆ ಹೋದೆ. ಕಡಲಿಗೆ ಹತ್ತಿರದಲ್ಲಿ ಆಶಾನ್ ಮನೆ, ಅಂಗಳದ ತುಂಬ ಮರಳು. ಅವರ ಹೆಂಡತಿ ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟರು. ಕಟ್ಟನ್ನು ಬಿಡಿಸಿಕೊಡಬೇಕು ಎಂದು ಕೇಳಿಕೊಂಡೆ. ಆಶಾನ್ ಕೂಡಲೇ ಒಪ್ಪಿದರು.

“ಬರ್ತೀನಿ ಮೋಳೇ. ಆಫೀಸಿಂದ ಒಂದು ಕಾಗದ ಕೊಡಿಸು. ಕಾಗದ ಇಲ್ಲದೆ ಹೊರಗಿನವರನ್ನ ಬಾಗಿಲ ವಾಚರ್ ಮೇಲಕ್ಕೆ ಬಿಡೋದಿಲ್ಲ. ಈಗ ನಾನೂ ಹೊರಗಿನವನೇ.”

ಸೋಮವಾರವೇ ಟಿಪ್ಪಣಿ ಬರೆದೆ. ಐದು ವಾರ ದಿನಾ ವಿಚಾರಿಸಿದೆ. ಮೇ ತಿಂಗಳ ಮಧ್ಯದಲ್ಲಿ ಫೈಲು ಬಂತು. ಸೂಪರಿಂಟೆಂಡೆಂಟರ ಆದೇಶ ಇಷ್ಟು: ಸದರಿ ವ್ಯಕ್ತಿಗೆ ತರಬೇತಿ ಇಲ್ಲವೆಂದು ಅರ್ಜಿದಾರರೇ ತಿಳಿಸಿರುತ್ತಾರೆ, ತರಬೇತಿ ಪಡೆದ ಅರ್ಜಿದಾರರು ಕಚೇರಿಯಲ್ಲೇ ಇರುವುದರಿಂದ ಅವರೇ ಮಳೆಗಾಲದೊಳಗೆ ಕಟ್ಟನ್ನು ಬಿಡಿಸತಕ್ಕದ್ದು. ಕೆಳಗೆ ನನ್ನದೇ ಪ್ರಿಂಟು. ತರಬೇತಿಯಿಲ್ಲದ ಸಿಬ್ಬಂದಿ ಎಂಬಲ್ಲಿ ಕೆಂಪು ಪೆನ್ಸಿಲಿನ ಗೆರೆ.

ಪ್ರಿಂಟಿನ ಹಿಂದೆ ಸಹಿಗಳ ಇನ್ನೊಂದು ಹಾಳೆ ಇತ್ತು. ತರಬೇತಿಯ ಯಾವ ಕಾಗದ ಬಂದರೂ ಎಲ್ಲ ಮೇಜಿಗೂ ಹೋಗಿ, ಎಲ್ಲರೂ ನೋಡಿ ಸಹಿ ಹಾಕುವುದು ನಮ್ಮ ಕಚೇರಿಯ ಪದ್ಧತಿ. ಗುತ್ತಿಗೆಯವಳಾದ ನನ್ನ ಮೇಜಿಗೆ ಅದು ಬರುತ್ತಿರಲಿಲ್ಲ, ನೆನಪೂ ಇರಲಿಲ್ಲ. ಆ ಹಾಳೆಯ ಕೊನೆಯಲ್ಲಿ ಮಲಯಾಳ ಅಕ್ಷರದಲ್ಲಿ ಆಶಾನ್ ಸಹಿ ಇತ್ತು. ಅವರು ನಿವೃತ್ತಿಯಾಗುವ ಮೂರು ದಿನ ಮುಂಚಿನ ತಾರೀಕು.

ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ ಟೈಪಿಸ್ಟರನ್ನು ಕೇಳಿದೆ. “ಆಶಾನ್‌ಗೆ ಇಂಗ್ಲಿಷ್ ಬಾರದು, ನಾನೇ ಓದಿ ಅರ್ಥ ಹೇಳಿದೆ,” ಎಂದರು ಆಕೆ. “ಎರಡು ಸಲ ಓದಿಸಿಕೊಂಡರು. ಆಮೇಲೆ ಸಹಿ ಹಾಕಿದರು.”

ಹಾಗಾದರೆ ತುಂಬದಲ್ಲಿ ನನಗೆ ಚಹಾ ಕೊಟ್ಟು, ಬರ್ತೀನಿ ಮೋಳೇ ಎಂದಾಗ ಅವರಿಗೆ ಎಲ್ಲ ಗೊತ್ತಿತ್ತು. ನಾಚಿಕೆಯಿಂದ ನನಗೆ ಅಂದು ಊಟ ಸೇರಲಿಲ್ಲ. ಬೂತಿನಿಂದ ಅವರಿಗೆ ಫೋನ್ ಮಾಡಿ, ತಪ್ಪಾಯಿತು ಆಶಾನ್, ನಾನು ಬರೆದದ್ದೇ ಅಡ್ಡ ಬಂತು ಎಂದೆ.

“ಅದಿರಲಿ,” ಎಂದರು ಅವರು. “ಮೋಡ ಕಟ್ಟುತ್ತಿದೆ. ಬರೆದುಕೋ.”

ಎಣ್ಣೆಯನ್ನು ಯಾವ ಅಂಚಿನಿಂದ ಬಿಡಬೇಕು, ಎಷ್ಟು ದಿನ ಕಾಯಬೇಕು, ಕಡ್ಡಿಯನ್ನು ಹೇಗೆ ಹಿಡಿಯಬೇಕು, ಎಲ್ಲ ಹೇಳಿದರು. ಎಷ್ಟು ಒತ್ತಬೇಕು ಎಂದು ಕೇಳಿದೆ. “ಅದು ಕೈಗೆ ಗೊತ್ತಾಗೋದು ಮೋಳೇ. ಪಕ್ಕದಲ್ಲಿ ಕೂತಿದ್ದರೆ ನಿನ್ನ ಕೈ ಹಿಡಿದು ತೋರಿಸ್ತಿದ್ದೆ. ಫೋನಲ್ಲಿ ಬರೋದಿಲ್ಲ.”

ಅವರಿಗಾದರೆ ಎರಡು ತಿಂಗಳು ಬೇಕಿದ್ದ ಕೆಲಸಕ್ಕೆ ನನಗೆ ಉಳಿದದ್ದು ಎರಡು ವಾರ. ಎಣ್ಣೆ ಬಿಟ್ಟೆ, ಕಾದೆ, ಕಡ್ಡಿ ಹಾಕಿದೆ. ಎರಡನೆಯ ಗರಿ ಅಂಚಿನಲ್ಲಿ ಎದ್ದಿತು. ಇನ್ನೊಂದು ಚೂರು ಒತ್ತಿದೆ. ಹಪ್ಪಳ ಮುರಿದಂತೆ ಸದ್ದಾಯಿತು. ಗರಿ ಉದ್ದಕ್ಕೂ ಸೀಳಿ, ಚೂರು ಚೂರಾಗಿ ಬಟ್ಟೆಯ ಮೇಲೆ ಬಿತ್ತು. ಜೋಡಿಸಿ ಜೋಡಿಸಿ ಕೂಡಿಸಿದಾಗ ಓದಲು ಸಿಕ್ಕಿದ್ದು ‘ಬೆಳಗಿನ ಹೊತ್ತು’ ಎಂಬ ಎರಡು ಮಾತು. ಮೇಜಿನ ಮುಂದೆ ಕೂತು ಅತ್ತುಬಿಟ್ಟೆ.

ಕಟ್ಟನ್ನು ಮುಟ್ಟಿದವರು ಆ ದಿನವೇ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಕೆಲಸದ ವಿವರ, ಫಲಿತಾಂಶ ಎಂಬ ಕಾಲಂಗಳನ್ನು ತುಂಬಿದೆ. ಕೊನೆಯ ಕಾಲಂ, ಯಾರಿಂದ ಎಂಬುದು. ಸೂಪರಿಂಟೆಂಡೆಂಟರು ಪಕ್ಕದಲ್ಲಿ ನಿಂತು ಹೇಳಿದಂತೆಯೇ, ತರಬೇತಿ ಪಡೆದ ಸಿಬ್ಬಂದಿಯಿಂದ ಎಂದು ಬರೆದು ಸಹಿ ಹಾಕಿದೆ.