ಗಂಗಾಳದ ಡಂಗುರ

ಕಮಲಾಪುರದ ಹಾದಿಯ ಈ ಊರಲ್ಲಿ ಇನ್ನೂ ಹೊತ್ತು ಮೂಡಿಲ್ಲ. ಗುಂಡಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ತವರಿನಿಂದ ತಂದ ಉಣ್ಣುವ ಕಂಚಿನ ಗಂಗಾಳವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಕಟ್ಟಿಗೆಯಿಂದ ಬಾರಿಸುತ್ತಾಳೆ. ಓಣಿಯ ನಾಯಿಗಳೆಲ್ಲ ಎದ್ದು ಬೊಗಳುತ್ತವೆ. ಪತ್ರಿಕೆಗೆ ಬರೆಯುವ ನಾನು ಅವಳ ಹಿಂದೆ ನಡೆಯುತ್ತೇನೆ.

“ಕೇಳ್ರಪ್ಪೋ ಕೇಳ್ರಿ! ಸರಕಾರದ ತಗಾವಿ ಬಂದದ! ಜ್ವಾಳದ ಬೀಜಕ್ಕ ರೊಕ್ಕ ಕೊಡ್ತಾರ! ಹೊಲ ಇದ್ದವರೆಲ್ಲ ಚಾವಡಿಗಿ ಬರ್ರಿ! ಇವತ್ತ ಬಿಟ್ರ ಇಲ್ಲ!”

ನಿಜಾಮರ ಸರಕಾರ ಬಿತ್ತನೆಗೆಂದು ಕೊಡುವ ಈ ಸಾಲದ ರೊಕ್ಕದ ಹುಕುಂ ಕಲಬುರ್ಗಿಯಿಂದ ಉರ್ದುವಿನಲ್ಲಿ ಬರುತ್ತದೆ. ಓದಬಲ್ಲವರು ಊರಿಗೊಬ್ಬರೋ ಇಬ್ಬರೋ. ಉಳಿದವರಿಗೆ ಡಂಗುರವೇ ಸರಕಾರದ ಬಾಯಿ. ಅದು ಕೇಳಿಸಿದ ಓಣಿಗೆ ರೊಕ್ಕ, ಕೇಳಿಸದ ಓಣಿಗೆ ಮಣ್ಣು. ಊರ ಗೌಡರಿಗೆ ಇದು ಚೆನ್ನಾಗಿ ಗೊತ್ತು. ಅವರ ಹೆಸರು ನಾನು ಬರೆಯುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಬಂದರೆ ಬೈಗುಳವನ್ನೂ ಹೊಗಳಿಕೆ ಎಂದುಕೊಳ್ಳುವ ಪೈಕಿ ಅವರು.

ಗುಂಡಮ್ಮನ ಗಂಡ ಯಂಕಪ್ಪ ಈ ಊರಿನಲ್ಲಿ ಹಲಗೆ ಬಾರಿಸಿ ಡಂಗುರ ಸಾರುವವನು. ಅವನು ತೀರಿದ ಮೇಲೆ ಹಲಗೆ ಇವಳ ಹೆಗಲಿಗೆ ಬಂತು. “ಹೆಣ್ಮಗಳು ಹಲಗಿ ಬಾರಸ್ತಾಳಂತ ಊರೆಲ್ಲ ನಗ್ತಿತ್ರಿ. ನಗೋ ಮಂದಿಗೂ ಕಿವಿ ಇರ್ತಾವಲ್ಲ, ಕೇಳಿದ್ರ ಸಾಕಂದೆ” ಎನ್ನುತ್ತಾಳೆ.

ಹೋದ ವರ್ಷ ತಗಾವಿ ಬಂದಾಗ ಗೌಡರು ಅಪ್ಪಣೆ ಕೊಟ್ಟರು: ಮೇಲಿನ ಓಣಿಯಲ್ಲಷ್ಟೇ ಬಾರಿಸು, ಆಮೇಲೆ ಹಲಗೆ ಮುಚ್ಚಿಡು. ಮೇಲಿನ ಓಣಿ ಎಂದರೆ ಗೌಡರ ಅಣ್ಣತಮ್ಮಂದಿರು, ಬೀಗರು. ಗುಂಡಮ್ಮ ಅಲ್ಲಿ ಬಾರಿಸಿದಳು. ಆಮೇಲೆ ಕೆಳಗಿನ ಓಣಿ, ಕೇರಿ, ಹಳ್ಳದಾಚೆಯ ಗುಡಿಸಲುಗಳು, ಎಲ್ಲ ಕಡೆಯೂ ಬಾರಿಸಿದಳು! ಚಾವಡಿ ತುಂಬಿಹೋಯಿತು. ಹಂಚಲು ಬಂದಿದ್ದ ಕಂದಾಯದ ಗಿರ್ದಾವರ ಇಮಾಮುದ್ದೀನ್ ಸಾಹೇಬರು ಹೊಲವಿದ್ದ ಎಲ್ಲರಿಗೂ ಹಂಚಿದರು. ಸಂಜೆಗೆ ಯಂಕಪ್ಪನ ಹಲಗೆ ಗೌಡರ ಮನೆಯ ಗೂಟ ಸೇರಿತು. ಡಂಗುರದ ಕೆಲಸಕ್ಕೆಂದು ಸುಗ್ಗಿಯಲ್ಲಿ ಕಣದಿಂದ ಬರಬೇಕಾದ ಆಯದ ಜೋಳವೂ ನಿಂತಿತು. ಅವಳ ವರ್ಷದ ರೊಟ್ಟಿ ಅದು. ಅಂದಿನಿಂದ ಕೂಲಿ ಸಿಕ್ಕ ದಿನ ಉಣ್ಣುತ್ತಾಳೆ, ಸಿಗದ ದಿನ ನೀರು ಕುಡಿದು ಮಲಗುತ್ತಾಳೆ.

“ಹಲಗಿ ಕಸಗೊಂಡ್ರು. ಗಂಟಲ ಕಸಗೊಳ್ಳಾಕ ಬರ್ತದೇನ್ರಿ?”

ನಾವು ಕೆಳಗಿನ ಓಣಿಗೆ ತಿರುಗುವಲ್ಲಿ ಗೌಡರೇ ನಿಂತಿದ್ದಾರೆ. ಕೈಯಲ್ಲಿ ಅದೇ ಹಲಗೆ.

“ತಗೋ ಗುಂಡೀ. ನಿಂತ ಆಯನೂ ಕೊಡ್ತೀನಿ. ಮ್ಯಾಲಿನ ಓಣ್ಯಾಗ ಬಾರಿಸಿದ್ದಿ, ಸಾಕು. ಮನಿಗಿ ನಡಿ.”

ಗುಂಡಮ್ಮ ಹಲಗೆಯ ಚರ್ಮದ ಮೇಲೆ ಅಂಗೈ ಇಡುತ್ತಾಳೆ. ಕಣ್ಣುಗಳು ತುಂಬುತ್ತವೆ. ಎರಡು ದಿನದಿಂದ ಒಲೆ ಹಚ್ಚದವಳು, ತಗೊಂಡೇಬಿಡುತ್ತಾಳೆ ಅಂದುಕೊಳ್ಳುತ್ತೇನೆ.

“ನಿಮ್ಮ ಗೂಟಕ್ಕ ಇರಲ್ರಿ ಗೌಡ್ರ. ನನ್ನ ಗಂಡನ ಹಲಗಿ ಅದು, ಅರ್ಧ ಊರಿಗಿ ಬಾರಿಸಿ ಅದಕ್ಕ ಗೊತ್ತಿಲ್ಲ.”

ಗೌಡರ ಮೂಗಿನ ಕೆಳಗೇ ಗಂಗಾಳ ಖಣ್ಣೆನ್ನುತ್ತದೆ. ಅವರು ಸರಿದು ದಾರಿ ಬಿಡುತ್ತಾರೆ. ಭಲೇ ಗುಂಡಮ್ಮ!

ಮಧ್ಯಾಹ್ನ ಚಾವಡಿಯ ಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ. ಹಳ್ಳದಾಚೆಯ ತುಕಾರಾಮ ತೊಯ್ದ ಧೋತರದಲ್ಲೇ ಓಡಿ ಬಂದು ರೊಕ್ಕ ಎಣಿಸಿಕೊಳ್ಳುತ್ತಾನೆ. ಗುಂಡಮ್ಮ ದೂರದ ಬೇವಿನ ನೆರಳಲ್ಲಿ ಕೂತಿದ್ದಾಳೆ. ಅವಳಿಗೆ ಗೇಣು ಹೊಲವೂ ಇಲ್ಲ, ತಗಾವಿಯೂ ಇಲ್ಲ. ಇದರಿಂದ ನಿಮಗೇನು ಸಿಕ್ಕಿತವ್ವಾ ಅಂತ ಕೇಳುತ್ತೇನೆ.

“ನನಗ ಕೇಳಿಸಲೇ ಇಲ್ಲ ಅಂತ ಒಬ್ರೂ ಅನಬಾರದು ನೋಡ್ರಿ. ಅಷ್ಟು ಸಿಕ್ರ ಸಾಕು.”

ಗಂಗಾಳವನ್ನು ಬಿಸಿಲಿಗೆ ಹಿಡಿಯುತ್ತಾಳೆ. ಅಂಚಿನಿಂದ ನಡುವಿನವರೆಗೆ ಸೀಳು ಬಿಟ್ಟಿದೆ. ಇನ್ನು ಅದರಲ್ಲಿ ಅಂಬಲಿ ನಿಲ್ಲದು, ಬರುವ ವರ್ಷದ ಡಂಗುರಕ್ಕೂ ಬಾಳದು. ನಾನು ಲೊಚಗುಟ್ಟುತ್ತೇನೆ.

“ಒಡೀಲಿ ಬಿಡ್ರಿ,” ಅನ್ನುತ್ತಾಳೆ ಗುಂಡಮ್ಮ. “ಮನ್ಯಾಗ ಇನ್ನಾ ನೀರಿನ ಚರಿಗಿ ಅದ.”