ಹನ್ನೆರಡರ ಕೆಳಗೆ, ಒಂಬತ್ತಕ್ಕೆ

ನಮ್ಮ ಲಾನ್ ಊರಿನಿಂದ ಬೆಟ್ಟ ಹತ್ತುವ ದಾರಿಗಳಿಗೆಲ್ಲ ಕೆಂಪು-ಬಿಳಿ-ಕೆಂಪು ಪಟ್ಟೆ ಬಳಿಯುವವನು ನನ್ನ ಸೋದರಮಾವ ವಿಗಿಲ್. ಇಡೀ ಕಣಿವೆಯಲ್ಲಿ ಅವನಷ್ಟು ಸಲೀಸಾಗಿ ದಾರಿ ತಪ್ಪುವ ಮನುಷ್ಯ ಇನ್ನೊಬ್ಬನಿಲ್ಲ. ಇದು ನಾನು ಕಟ್ಟಿದ ಮಾತಲ್ಲ, ಅವನೇ ಹೇಳಿಕೊಂಡು ತಿರುಗುತ್ತಾನೆ. ಡೈರಿಯಲ್ಲಿ ಚೀಸ್ ಮಾಡುವುದು ಅವನ ಕೆಲಸ. ಮನೆಯಿಂದ ಡೈರಿಗೆ ಒಂದೇ ರಸ್ತೆ, ತಿರುವೇ ಇಲ್ಲ, ಅದನ್ನು ನೋಡಿಯೇ ಆ ಕೆಲಸಕ್ಕೆ ಸೇರಿದೆ ಅನ್ನುತ್ತಾನೆ.

ಚಿಕ್ಕವನಿದ್ದಾಗ ತಪ್ಪಿಸಿಕೊಂಡ ಆಡು ಹುಡುಕಲು ಹೋಗಿ ಮಂಜಿನಲ್ಲಿ ಸಿಕ್ಕಿಬಿದ್ದನಂತೆ. ಸುತ್ತಿ ಸುತ್ತಿ ಸುಸ್ತಾಗಿ, ಕೊನೆಗೆ ಕಂಡ ಮನೆಯ ಹಿತ್ತಲ ಬಾಗಿಲು ತಟ್ಟಿ, ತುಂಬ ಮರ್ಯಾದೆಯಿಂದ "ಇದು ಯಾವ ಊರಮ್ಮ?" ಅಂತ ಕೇಳಿದನಂತೆ. ಬಾಗಿಲು ತೆರೆದವಳು ಅವನ ಅಮ್ಮ, ಅಂದರೆ ನನ್ನ ಅಜ್ಜಿ. "ಕೈ ತೊಳ್ಕೊಂಡು ಬಾ, ಸಾರು ಆರಿಹೋಗ್ತಿದೆ" ಅಂದಳಂತೆ ಅಷ್ಟೇ. ಆಡು ಅವನಿಗಿಂತ ಮೊದಲೇ ಬಂದು ಕೊಟ್ಟಿಗೆಯಲ್ಲಿ ನಿಂತಿತ್ತು. ಅವತ್ತಿನಿಂದ ಊರಿಗೆಲ್ಲ ಅವನು ಕಂಪಾಸ್ ವಿಗಿಲ್.

ಹಾಗಾಗಿ ಪರ್ವತಾರೋಹಣ ಸಂಘದವರು ದಾರಿಗೆ ಗುರುತು ಹಾಕಲು ಜನ ಬೇಕು ಅಂದಾಗ ಹೋಟೆಲಿನಲ್ಲಿ ಕೂತಿದ್ದವರೆಲ್ಲ ತಮಾಷೆಗೆ ಅವನ ಹೆಸರು ಕೂಗಿದರು. ಅವನು ಎದ್ದು ನಿಂತು ಬಣ್ಣದ ಡಬ್ಬಿ, ಬ್ರಷ್ಷು ಎರಡನ್ನೂ ಇಸಿದುಕೊಂಡುಬಿಟ್ಟ. ಬೇರೆಯವರು ಕವಲಿಗೊಂದು, ತಿರುವಿಗೊಂದು ಪಟ್ಟೆ ಬಳಿದು ಮನೆಗೆ ಹೋಗುತ್ತಾರೆ. ಮಾವ ಒಂದು ಪಟ್ಟೆ ಬಳಿದು, ಅಲ್ಲೇ ನಿಂತು ಸುತ್ತ ನೋಡಿ, ನಾನಾದರೆ ಎಲ್ಲಿ ತಪ್ಪಿಸಿಕೊಳ್ಳುತ್ತೇನೆ ಅಂತ ಯೋಚಿಸುತ್ತಾನೆ. ಅಲ್ಲೊಂದು ಪಟ್ಟೆ ಬಳಿಯುತ್ತಾನೆ. ಅವನು ತಪ್ಪಿಸಿಕೊಳ್ಳದ ಜಾಗ ಭೂಮಿಯ ಮೇಲೆ ಇಲ್ಲವಾದ್ದರಿಂದ ನಮ್ಮ ಬೆಟ್ಟದ ಬಂಡೆಗಳಿಗೆಲ್ಲ ದಡಾರ ಎದ್ದ ಹಾಗಿದೆ. ವಿಯೆನ್ನಾದಿಂದ ಬರುವವರು ಅದರ ಫೋಟೋ ತೆಗೆದುಕೊಂಡು ನಗುತ್ತಾರೆ.

ಈ ಬೇಸಿಗೆಯಲ್ಲಿ ನಗು ನಿಂತಿತು. ಸಂಘಕ್ಕೆ ಹೊಸದಾಗಿ ದಾರಿಗಳ ಮೇಲ್ವಿಚಾರಕಿ ಬಂದಿದ್ದರು, ರೊಸ್ವಿತಾ ಕ್ನಾಪ್ ಅಂತ. ಲಾನಿನಲ್ಲಿ ಬಣ್ಣ ವಿಪರೀತವಾಯಿತೆಂದು ದೂರು ಬಂದಿದೆ, ತಾವೇ ನಡೆದು ನೋಡುತ್ತಾರೆ, ಆಮೇಲೆ ಬ್ರಷ್ ವಿಗಿಲ್ ಹತ್ತಿರ ಇರಬೇಕೋ ಬೇರೆಯವರಿಗೆ ಹೋಗಬೇಕೋ ನಿರ್ಧಾರ ಅಂತ ಹೇಳಿ ಕಳಿಸಿದರು. ಹೋದರೆ ಹೋಗಲಿ, ಮಂಡಿಗಾದರೂ ಆರಾಮ ಅಂತ ಮಾವ ಎಲ್ಲರ ಮುಂದೆ ಅಂದ. ಆದರೆ ಅವನು ಅಡುಗೆಮನೆಯಲ್ಲಿ ಕೂತು ಆ ಬ್ರಷ್ಷನ್ನು ಬಿಸಿನೀರಲ್ಲಿ ತೊಳೆದು ಬಾಚಣಿಗೆಯಿಂದ ಬಾಚುತ್ತಿದ್ದುದನ್ನು ನಾನು ನೋಡಿದೆ.

"ಪುಟ್ಟಿ, ಈ ಊರು ನನ್ನ ನಂಬಿ ಕೊಟ್ಟಿದ್ದು ಇದೊಂದೇ ಕಣೆ," ಅಂದ. "ಅದೂ ತಮಾಷೆಗೆ."

ಮೇಲ್ವಿಚಾರಕಿಯ ಫೋನು ಬಂದಾಗ ಮಾವ ಡೈರಿಯಲ್ಲಿದ್ದ, ಎತ್ತಿದವಳು ಅವನ ಹೆಂಡತಿ ಅಫ್ರಾ ಅತ್ತೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಹನ್ನೆರಡರ ಕೆಳಗೆ ಸಿಗಬೇಕಂತೆ ಅಂದಳು. ನಮ್ಮಲ್ಲಿ ಇದರಲ್ಲಿ ಗೊಂದಲವೇನಿಲ್ಲ. ಊರಿನಲ್ಲಿ ನಿಂತು ನೋಡಿದರೆ ಮಧ್ಯಾಹ್ನದ ಸೂರ್ಯ ಯಾವ ಶಿಖರದ ನೆತ್ತಿಗೆ ಬರುತ್ತಾನೋ ಅದು ಹನ್ನೆರಡು, ಆಮೇಲೆ ದಾಟುವ ಶಿಖರಗಳು ಒಂದು, ಎರಡು. ಸರ್ಕಾರ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತದಲ್ಲ, ಅದನ್ನು ನಮ್ಮ ಬೆಟ್ಟಗಳು ಇನ್ನೂ ಒಪ್ಪಿಲ್ಲ. ತೊಂದರೆ ಇರುವುದು ಪಕ್ಕದ ಗ್ರುಬ್ ಊರಿನವರಿಂದ. ಅವರು ನಮಗಿಂತ ಪಶ್ಚಿಮಕ್ಕಿದ್ದಾರೆ, ಅವರ ಮಧ್ಯಾಹ್ನದ ಸೂರ್ಯ ಬೇರೆ ಶಿಖರದ ಮೇಲೆ ನಿಲ್ಲುತ್ತಾನೆ. ಅವರ ಹನ್ನೆರಡು ನಮಗೆ ಎರಡು. ನಮ್ಮ ಹನ್ನೆರಡನ್ನು ಅವರು, ಬಾಯಲ್ಲಿ ಹೇಳಲೂ ಬೇಜಾರು, ಹತ್ತು ಅನ್ನುತ್ತಾರೆ. ಅದಕ್ಕೇ ಫೋನಿನಲ್ಲಿ ಯಾರ ಹನ್ನೆರಡು ಅಂತ ಕೇಳಿಕೊಳ್ಳುವುದು ರೂಢಿ. ಅತ್ತೆ ಕೇಳಲಿಲ್ಲ. ಲಾನಿನ ಹೆಂಗಸು ಲೋಕದಲ್ಲಿ ಇನ್ನೊಂದು ಹನ್ನೆರಡು ಇದೆ ಅಂತ ತಾನಾಗಿ ಯಾಕೆ ಒಪ್ಪಿಕೊಳ್ಳಬೇಕು? ರೊಸ್ವಿತಾ ಕ್ನಾಪ್ ಹುಟ್ಟಿದ್ದು ಗ್ರುಬ್‌ನಲ್ಲಿ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಶನಿವಾರ ನಾನೂ ಜೊತೆಗೆ ಹೊರಟೆ. ಇನ್ಸ್‌ಬ್ರುಕ್‌ನಲ್ಲಿ ಭೂಗೋಳ ಓದುತ್ತಿದ್ದೇನೆ, ಮೇಲ್ವಿಚಾರಕಿ ಏನಾದರೂ ದೊಡ್ಡ ಮಾತು ಆಡಿದರೆ ಉತ್ತರ ಕೊಡಲು ಮಾವನಿಗೆ ಒಬ್ಬ ವಿದ್ಯಾವಂತೆ ಬೇಕು ಅನ್ನುವುದು ನನ್ನ ಲೆಕ್ಕ. ಒಂಬತ್ತಕ್ಕೆ ಮೊದಲೇ ನಮ್ಮ ಹನ್ನೆರಡರ ಕೆಳಗೆ ಕೂತೆವು. ಒಂಬತ್ತಾಯಿತು, ಹತ್ತಾಯಿತು, ಯಾರೂ ಇಲ್ಲ. ಮಾವ ತಂದಿದ್ದ ಬ್ರೆಡ್ಡು, ಒಣಮಾಂಸ ಎಲ್ಲ ನಾನೇ ಮುಗಿಸಿದೆ, ಅವನು ಒಂದು ತುಂಡೂ ಮುಟ್ಟಲಿಲ್ಲ. ನೋಡೋಕೂ ಬರದೆ ತೀರ್ಮಾನ ಮಾಡಿಬಿಟ್ಟರು ಅಂತ ಬ್ರಷ್ಷನ್ನು ಚೀಲದ ಒಳಗೆ ಇಟ್ಟ. ಅಷ್ಟರಲ್ಲಿ ಮಂಜು ಬಂತು, ಕೆಳಗಿನಿಂದ, ಯಾರೋ ಹಾಲು ಉಕ್ಕಿಸಿದ ಹಾಗೆ.

ಮನೆಗೆ ಹೋಗೋಣ ಅಂತ ಎದ್ದೆವು. ದಾರಿಗೆ ಬಂದು ಮಾವ ನಿಂತ. ಎಡಕ್ಕೂ ಅವನದೇ ಪಟ್ಟೆ, ಬಲಕ್ಕೂ ಅವನದೇ ಪಟ್ಟೆ. ಅವನು ನನ್ನ ಮುಖ ನೋಡಿದ. ನನ್ನ ಫೋನಿನ ನಕ್ಷೆಯಲ್ಲಿ ನಾವು ನೀಲಿ ಚುಕ್ಕಿಯಾಗಿ ಒಂದು ಕೆರೆಯ ಮಧ್ಯೆ ಆರಾಮಾಗಿ ನಿಂತಿದ್ದೆವು. ಆದರೂ ನಾನು ಇಳಿಜಾರು, ಗಾಳಿ, ಬಂಡೆಯ ಪದರ ಎಲ್ಲ ಪರಿಶೀಲಿಸಿ, ಎರಡು ವರ್ಷದ ಓದನ್ನೆಲ್ಲ ಒಂದೇ ಬೆರಳಿಗೆ ತಂದು, ಈ ಕಡೆ ಅಂತ ತೋರಿಸಿದೆ. ಮಾವನಿಗೂ ಅದೇ ಅನ್ನಿಸಿತ್ತಂತೆ. ಅಷ್ಟು ಕೇಳಿದ ಮೇಲಾದರೂ ನನಗೆ ಅನುಮಾನ ಬರಬೇಕಿತ್ತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ಒಬ್ಬ ಹೆಂಗಸು ಬಂದಳು. ಟೋಪಿ ಹುಬ್ಬಿನವರೆಗೆ ಇಳಿದಿತ್ತು, ಒಂದೊಂದು ಪಟ್ಟೆಯನ್ನೂ ಕೈಯಿಂದ ಮುಟ್ಟಿಕೊಂಡು ಬರುತ್ತಿದ್ದಳು. ಮರಗಳು ಮುಗಿಯುವಲ್ಲಿಗೆ ನಮ್ಮಲ್ಲಿ 'ನೀವು' ಮುಗಿಯುತ್ತದೆ. ಅದರ ಮೇಲೆ ಪಾದ್ರಿಯೂ ನೀನು, ಮಂತ್ರಿಯೂ ನೀನು. ಹೆಸರು, ಹುದ್ದೆ ಕೇಳುವುದು ಹಳ್ಳಿಗುಗ್ಗುತನ.

"ಈ ಕಡೆ ಹೋದ್ರೆ ಊರು ಸಿಗುತ್ತಾ?" ಅಂದಳು. ಸ್ವರ ನಡುಗುತ್ತಿತ್ತು.

"ಎರಡೂ ಕಡೆ ಊರೇ. ಬಣ್ಣ ಬಿಟ್ಟು ಮಾತ್ರ ಕಾಲಿಡಬೇಡ," ಅಂದ ಮಾವ.

"ಬಿಡೋಕೆ ಎಲ್ಲಿ ಜಾಗ ಇದೆ? ಯಾವ ಪುಕ್ಕಲ ಬಳಿದಿದ್ದಾನೋ ಇಷ್ಟೊಂದು."

"ಯಾವನೋ ಪುಕ್ಕಲನೇ. ನನಗೂ ಅವನ ಪರಿಚಯ ಇದೆ. ಹಿತ್ತಲಿಗೆ ಹೋದ್ರೂ ದಾರಿ ತಪ್ಪೋ ಆಸಾಮಿ."

ಅವಳು ನಕ್ಕಳು. ನಗುವಿನ ಜೊತೆ ಸ್ವರದ ನಡುಕವೂ ಹೋಯಿತು. ಅವಳು ನಾವು ಬಂದ ಕಡೆ ಹೋದಳು, ನಾವು ಅವಳು ಬಂದ ಕಡೆ ನಡೆದೆವು. ಪಾಪ, ಯಾರೋ ದಾರಿ ತಪ್ಪಿದವಳು ಅಂತ ಇಬ್ಬರೂ ಮರುಕಪಟ್ಟೆವು.

ಇಳಿದಾಗ ಮೊದಲು ಕಂಡದ್ದು ಚರ್ಚು. ನಮ್ಮ ಚರ್ಚಿನ ಗೋಪುರ ಚೂಪು, ಇದು ಈರುಳ್ಳಿಯ ಹಾಗೆ ದುಂಡಗಿತ್ತು. ಗೋಪುರ ಯಾವಾಗ ಬದಲಾಯಿಸಿದರು ಅಂತ ಮಾವ ಮೆಲ್ಲಗೆ ಕೇಳಿದ. ನಾವು ಗ್ರುಬ್‌ನಲ್ಲಿದ್ದೆವು.

ಅಲ್ಲಿಯ ಹೋಟೆಲಿನಿಂದ ಮನೆಗೆ ಫೋನು ಮಾಡಿದೆ. ಅಫ್ರಾ ಅತ್ತೆ ಎತ್ತಿ, ಗಂಡ ಎಲ್ಲಿದ್ದಾನೆ ಅಂತ ತಿಳಿದು ಸ್ವಲ್ಪವೂ ಆಶ್ಚರ್ಯಪಡದೆ, ಮೇಲ್ವಿಚಾರಕಿ ನಮ್ಮ ಅಡುಗೆಮನೆಯಲ್ಲೇ ಕೂತು ಸಾರು ಕುಡಿಯುತ್ತಿದ್ದಾರೆ ಅಂದಳು. ಬೆಳಗಿನಿಂದ ಅವರ ಹನ್ನೆರಡರ ಕೆಳಗೆ ಕಾದರಂತೆ, ಮಂಜಿನಲ್ಲಿ ದಿಕ್ಕು ತಿಳಿಯದೆ ಬಣ್ಣ ಹಿಡಿದುಕೊಂಡು ನಡೆದರಂತೆ, ಬಣ್ಣ ಕರೆತಂದು ನಮ್ಮ ಹಿತ್ತಲಲ್ಲಿ ನಿಲ್ಲಿಸಿತಂತೆ. ನಾನು ಫೋನನ್ನು ಮಾವನ ಕೈಗೆ ಕೊಟ್ಟು, ಕಿವಿಯನ್ನು ಹತ್ತಿರವೇ ಇಟ್ಟೆ.

"ನೀವು ಬರಲಿಲ್ಲ," ಅಂದಿತು ಆ ಕಡೆಯ ಸ್ವರ. ಅದು ಊರಿನ ಸ್ವರ, ಕಚೇರಿಯದು.

ಮಾವನೂ ನೀವು ಹಾಕಿಯೇ ಶುರುಮಾಡಿದ. ಬಂದಿದ್ದೆ, ನಮ್ಮ ಹನ್ನೆರಡರ ಕೆಳಗೆ ಕೂತಿದ್ದೆ, ತಪ್ಪು ನನ್ನದೇ, ಸೋದರಸೊಸೆ ಭೂಗೋಳ ಓದುತ್ತಾಳೆ ಅಂತ ನಂಬಿ ಈ ಕಡೆ ಬಂದುಬಿಟ್ಟೆ. ಬ್ರಷ್ ಹೋಯಿತು ಅಂದುಕೊಂಡೆ.

"ಮೇಲೆ ಸಿಕ್ಕಿದ್ದು ನೀನಾ?"

"ಹೂಂ. ಪುಕ್ಕಲ."

"ಬ್ರಷ್ ನೀನೇ ಇಟ್ಕೋ," ಅಂದಳು ರೊಸ್ವಿತಾ. ಊರಿನ ಮಧ್ಯೆ, ಅಡುಗೆಮನೆಯಲ್ಲಿ ಕೂತು, ನೀನು ಅಂತ. "ಒಂದು ಪಟ್ಟೆನೂ ಅಳಿಸಬೇಡ. ಆದ್ರೆ ಯಾವ ಕಡೆ ಯಾವ ಊರು ಅಂತ ಬಾಣ ಹಾಕಬೇಕು."

"ಬಾಣ ಹಾಕೋ ಕೆಲಸ ನನಗೆ ಬಿಡಬೇಡ," ಅಂದ ಮಾವ ಗಾಬರಿಯಾಗಿ.

"ಗೊತ್ತು. ನಾನೂ ಬರ್ತೀನಿ. ಹನ್ನೆರಡರ ಕೆಳಗೆ..." ಅಂದವಳು ಅಲ್ಲೇ ತಡೆದಳು. "ಬೇಡ. ನಿಮ್ಮ ಮನೆಗೇ ಬರ್ತೀನಿ."

ಗ್ರುಬ್‌ನ ಬಸ್ ನಿಲ್ದಾಣ ರಸ್ತೆಯ ಎರಡೂ ಬದಿಗಿದೆ. ಮಾವ ಚೀಲದಿಂದ ಬ್ರಷ್ಷನ್ನು ಹೊರಗೆ ತೆಗೆದು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು, ಯಾವ ಬದಿ ಅಂತ ನನ್ನ ಮುಖ ನೋಡಿದ. ನಾನು ಬೆರಳು ಎತ್ತಲಿಲ್ಲ. ಬಸ್ಸು ಬಂದ ಮೇಲೆ ಡ್ರೈವರನ್ನೇ ಕೇಳಿದೆ.