ಒಪ್ಪಿಗೆ ಗುಂಡಿ ಒತ್ತುವ ಮೊದಲು

ನನ್ನ ದೊಡ್ಡಮ್ಮ ಮದುವೆಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದರು. ಅವರು ಬಾಯಿ ತೆರೆದರೆ ಸಾಕು, ದೊಡ್ಡಪ್ಪ ಎಲೆಯಡಿಕೆ ನೆಪ ಮಾಡಿಕೊಂಡು ಚಪ್ಪರದಿಂದ ಎದ್ದು ಹೋಗುತ್ತಿದ್ದರು. "ರಾಗ ಇಲ್ಲ, ತಾಳ ಇಲ್ಲ" ಎಂಬುದು ಅವರ ಮೂವತ್ತು ವರ್ಷಗಳ ತೀರ್ಪು.

ಪೇಟೆಗಳಿಗೆ ಸೈಬರ್ ಸೆಂಟರ್ ಬಂದ ಕಾಲ. ಜನಪದ ಹಾಡು ಸಂಗ್ರಹಿಸುವವರೊಬ್ಬರು ನಮ್ಮೂರು ಹೆಗ್ಗದ್ದೆಗೆ ಬಂದು, ದೊಡ್ಡಮ್ಮನ ಒಂದು ಹಾಡನ್ನು ಟೇಪಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದರು. ದೊಡ್ಡಮ್ಮನಿಗೆ ಒಂದೇ ಆಸೆ: ಗಂಡ ಒಂದು ಸಲವಾದರೂ ಮಧ್ಯೆ ಏಳದೆ ಪೂರ್ತಿ ಕೇಳಬೇಕು. "ನೀನು ಕಂಪ್ಯೂಟರ್ ಕಲ್ತವ್ನು, ಕೇಳ್ಸೋ ಮಾರಾಯ" ಎಂದು ನನಗೆ ಗಂಟುಬಿದ್ದರು. ಕಲಿತದ್ದೇನೋ ನಿಜ, ಮೂರು ತಿಂಗಳ ಕೋರ್ಸು.

ಇಬ್ಬರನ್ನೂ ಸಕಲೇಶಪುರದ ಸೈಬರ್ ಸೆಂಟರಿಗೆ ಕರೆದೊಯ್ದೆ. ಪುಟ ತೆರೆಯಿತು; ಹಾಡಿರಬೇಕಾದ ಜಾಗದಲ್ಲಿ ಬರೀ ಬೂದು ಚೌಕ. ಬ್ರೌಸರ್‌ಗೆ ಪ್ಲಗ್-ಇನ್ ಸೇರಿಸಿದರೆ ಮಾತ್ರ ಹಾಡು ಕೇಳುತ್ತಿತ್ತು. "ಮಿಕ್ಸಿ ಒಂದೇ ಆದ್ರೂ ಚಟ್ನಿಗೆ ಬೇರೆ ಜಾರ್ ಹಾಕಲ್ವಾ, ಹಂಗೆ" ಎಂದೆ. ದೊಡ್ಡಮ್ಮನಿಗೆ ಥಟ್ಟನೆ ಅರ್ಥವಾಯಿತು.

ಅರ್ಧ ಗಂಟೆ ಡೌನ್‌ಲೋಡ್ ಆದ ಮೇಲೆ ಇಂಗ್ಲಿಷಿನ ಉದ್ದನೆಯ ಒಪ್ಪಂದವೊಂದು ಪರದೆಗೆ ಬಂತು. ಎಲ್ಲರಂತೆ ನಾನೂ ಓದದೆ ಒಪ್ಪಿಗೆ ಗುಂಡಿ ಒತ್ತಲು ಹೋದೆ. ದೊಡ್ಡಪ್ಪ ಕೈ ಹಿಡಿದರು. ತೋಟದ ಪತ್ರವನ್ನು ಚಕ್ಕುಬಂದಿಯವರೆಗೂ ಗಟ್ಟಿಯಾಗಿ ಓದಿಸದೆ ಸಹಿ ಹಾಕದ ಮನೆತನ ನಮ್ಮದು.

"ಓದೋ. ಕೊನೇತಂಕ ಓದು."

ನನಗೇ ಅರ್ಧ ಅರ್ಥವಾಗಲಿಲ್ಲ. ಆದರೂ ಪತ್ರಬರಹಗಾರರ ಗತ್ತಿನಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ನಾಲ್ಕು ಕಲಮು ದಾಟುವಷ್ಟರಲ್ಲಿ ಒಂದು ಕಿತಾಪತಿ ಹೊಳೆಯಿತು.

"ಐದನೇ ಕಲಮು: ಹಾಡು ಶುರುವಾದ್ಮೇಲೆ ಮುಗಿಯೋತಂಕ ಯಾರೂ ಏಳಂಗಿಲ್ಲ, ಮಾತಾಡಂಗಿಲ್ಲ."

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಯನ್ನೇ ದಿಟ್ಟಿಸಿದರು. ಅವರಿಗೆ ಇಂಗ್ಲಿಷ್ ಬಾರದಿದ್ದುದು ನನ್ನ ಪುಣ್ಯ. "ಬರ್ದೈತೆ ಅಂದ್ಮೇಲೆ ಮುಗೀತು. ಒತ್ತು."

ಹಾಡು ಬಂತು. ನೆಟ್ ನಿಧಾನವಾದಾಗಲೆಲ್ಲ ಅರ್ಧಕ್ಕೆ ನಿಂತು ಮತ್ತೆ ಹೊರಡುತ್ತಿತ್ತು. ದೊಡ್ಡಪ್ಪ ಎರಡು ಸಲ ಪಂಚೆ ಸರಿಮಾಡಿಕೊಂಡರು, ಏಳಲಿಲ್ಲ. ನಗು ತಡೆದೂ ತಡೆದೂ ನನಗೆ ಹೊಟ್ಟೆನೋವು ಬಂತು.

ಮುಗಿದಾಗ ನೋಡಿದರೆ ದೊಡ್ಡಮ್ಮನ ಮುಖ ಸಪ್ಪಗಾಗಿತ್ತು. ತಮ್ಮ ದನಿಯನ್ನು ಅವರು ಹೊರಗಿನಿಂದ ಕೇಳಿದ್ದು ಅದೇ ಮೊದಲು. "ನೀವು ಹೇಳ್ತಿದ್ದಿದ್ದೇ ಸರಿ ಕಣ್ರೀ. ರಾಗ ತಪ್ಪೈತೆ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಏಳಹೊರಟರು. ಯಾಕಾದರೂ ಕರೆತಂದೆನೋ ಎಂದು ನನಗೆ ಸಂಕಟವಾಯಿತು.

ದೊಡ್ಡಪ್ಪ ರೇಗಿದರು.

"ನಿಂಗೇನ್ ಗೊತ್ತೈತೆ ರಾಗ? ಸುಮ್ನೆ ಕೂತ್ಕೊ. ಏ, ಇನ್ನೊಂದ್ಸಲ ಹಾಕೋ."